ಹೊಗೆಯ ಲೆಕ್ಕ



ಮನೆವಾರ್ತೆಯ ಮಿತವ್ಯಯವನ್ನು ಕುರಿತು ಮಾತನಾಡಬೇಕೆಂದು ಕೇಳಿದಾಗ ನಾವು ಮಾಡಿದ ಮೊದಲ ಕೆಲಸವೆಂದರೆ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ನಮ್ಮ ತಂದೆಯವರ ಜಮಾಖರ್ಚಿನ ಪುಸ್ತಕಗಳನ್ನು ಕೆಳಗಿಳಿಸಿದ್ದು. ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕಗಳು. ೧೯೮೦ರ ದಶಕದ ಶಿವಮೊಗ್ಗದಲ್ಲಿ ತಿಂಗಳ ಸಂಬಳವೊಂದನ್ನೇ ನಂಬಿದ ಸಂಸಾರವೊಂದು ಹೇಗೆ ನಡೆಯಿತೆಂಬುದೆಲ್ಲ ಅವುಗಳಲ್ಲಿದೆ. ಬೆಂಕಿಪೊಟ್ಟಣದ ಬೆಲೆಯುಂಟು, ಸೀಮೆಎಣ್ಣೆಯದುಂಟು, ಹಬ್ಬದ ಬಾಳೆಯೆಲೆಯದೂ ಉಂಟು. ತಂದೆಯವರು ದುಂದುಗಾರರಲ್ಲ; ಜಿಪುಣರೆಂದೂ ಯಾರೂ ಹೇಳುವಂತಿರಲಿಲ್ಲ. ಪ್ರತಿ ತಿಂಗಳೂ ಅಂಚೆ ಕಚೇರಿಯ ಉಳಿತಾಯದ ಖಾತೆಗೆ ಏನಾದರೊಂದಿಷ್ಟು ಹೋಗಿರುವುದು ಪುಸ್ತಕದಲ್ಲಿ ಕಾಣುತ್ತದೆ. ಆದರೂ ಎರಡು ಸಂಜೆ ಇವುಗಳನ್ನು ಓದಿದ ಮೇಲೆ ನಮಗೆ ತೋರಿದ್ದೇನೆಂದರೆ, ಆ ಮನೆಯ ದೊಡ್ಡ ನಷ್ಟ ಅತ್ಯಂತ ಜಾಗರೂಕತೆಯಿಂದ ಬರೆದಿಟ್ಟ ಬಾಬ್ತಿನಲ್ಲಿಯೇ ಆಗಿತ್ತು. ಅದು ಸೌದೆಯ ಬಾಬ್ತು.

ಅಡಿಗೆ ಅನಿಲಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಕಾಲವದು. ಸೌದೆಯನ್ನು ಡಿಪೋದಲ್ಲಿ ತೂಕಕ್ಕೆ ಕೊಡುತ್ತಿದ್ದರು. ಹಳ್ಳಿಯ ಮನೆಗಳಲ್ಲಿ ಮಾಘ ಫಾಲ್ಗುಣಗಳಲ್ಲಿಯೇ ಮರ ಕಡಿದು, ಸೀಳಿ, ಬಿಸಿಲಿಗೆ ಹರವಿ, ಮೃಗಶಿರೆಯ ಮಳೆ ಬೀಳುವ ಮೊದಲು ಕೊಟ್ಟಿಗೆಯ ಮಗ್ಗುಲಲ್ಲಿ ಒಟ್ಟಿಬಿಡುತ್ತಾರೆ. ಒಲೆಯ ಮೇಲಿನ ಅಟ್ಟದಲ್ಲಿ ಮುಂದಿನ ವಾರದ ಸೌದೆ ತಾನಾಗಿ ಬೆಚ್ಚಗೆ ಕಾಯುತ್ತಿರುತ್ತದೆ. ಪೇಟೆಯ ಬಾಡಿಗೆ ಮನೆಯಲ್ಲಿ ಅಷ್ಟು ಜಾಗವೆಲ್ಲಿ? ಬೇಕಾದಾಗ ತರುವುದು, ಬೇಕಾದಷ್ಟೇ ತರುವುದು ಎಂಬುದು ನಮ್ಮವರ ಪದ್ಧತಿ. ಹೀಗಾಗಿ ಆರಿದ್ರೆ, ಪುನರ್ವಸು, ಪುಷ್ಯಗಳ ಜಡಿಮಳೆಯಲ್ಲಿ ನಮ್ಮ ಅಡಿಗೆಮನೆಗೆ ಬರುತ್ತಿದ್ದುದು ಮಳೆ ಕುಡಿದ ಹಸಿ ಸೌದೆ. ಅದರ ದರ ಕೊಂಚ ಕಡಮೆ. ಪುಸ್ತಕದಲ್ಲಿ ಒಂದು ಕಡೆ ತಂದೆಯವರು ಆ ಉಳಿತಾಯವನ್ನು ಬೇರೆಯಾಗಿ ಗುರುತು ಹಾಕಿಟ್ಟಿದ್ದಾರೆ.

ಈಗ ಆ ಉಳಿತಾಯವನ್ನು ಪರೀಕ್ಷಿಸೋಣ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವುದುಂಟು. ಚೆನ್ನಾಗಿ ಒಣಗಿದ ಸೌದೆಯಲ್ಲಾದರೂ ನೂರಕ್ಕೆ ಹದಿನೈದು ಇಪ್ಪತ್ತು ಪಾಲು ನೀರು ಉಳಿದಿರುತ್ತದೆ. ಆದುದರಿಂದ ಹತ್ತು ಕಿಲೋ ಹಸಿ ಸೌದೆಯನ್ನು ಕೊಂಡವನು ಐದು ಕಿಲೋ ಸೌದೆಯನ್ನೂ ಐದು ಕಿಲೋ ನೀರನ್ನೂ ಒಂದೇ ದರದಲ್ಲಿ ಕೊಂಡಂತಾಯಿತು. ತುಂಗೆಯ ದಡದಲ್ಲಿರುವ ಊರಿನವರು ನೀರನ್ನು ಸೌದೆಯ ಬೆಲೆಗೆ ಕೊಳ್ಳುವುದೆಂದರೆ ವಿನೋದವೇ ಸರಿ. ವಿನೋದ ಅಲ್ಲಿಗೇ ಮುಗಿಯದು. ಒಂದು ಕಿಲೋ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು ೭೫ ಕಿಲೋಕ್ಯಾಲೊರಿ ಶಾಖ ಬೇಕು. ಕುದಿಯುವ ನೀರನ್ನು ಆವಿಯಾಗಿಸಲು ಇನ್ನೂ ೫೪೦ ಬೇಕು. ಐದು ಕಿಲೋ ನೀರನ್ನು ಓಡಿಸಲು ಮೂರು ಸಾವಿರಕ್ಕೂ ಮಿಗಿಲು. ಉಳಿದ ಐದು ಕಿಲೋ ಒಣಮರ ಪೂರ್ತಿಯಾಗಿ ಉರಿದರೂ ಕೊಡುವುದು ಇಪ್ಪತ್ತು, ಇಪ್ಪತ್ತೆರಡು ಸಾವಿರ. ಕೊಂಡ ಸೌದೆಯಲ್ಲಿ ಸೌದೆಯಾಗಿದ್ದ ಭಾಗದಲ್ಲಿಯೂ ಏಳರಲ್ಲಿ ಒಂದು ಪಾಲು, ಜೊತೆಗೆ ಕೊಂಡ ನೀರನ್ನು ಹೊರಗೆ ಕಳುಹಿಸುವುದಕ್ಕೇ ವೆಚ್ಚವಾಯಿತು. ಒಣ ಸೌದೆಗೆ ಒಂದೂವರೆಯಷ್ಟು ದರ ಕೊಟ್ಟಿದ್ದರೂ ಲಾಭವೇ ಆಗುತ್ತಿತ್ತು.

ಇದು ಕಾಲೇಜಿನ ಮೊದಲ ತರಗತಿಯ ಲೆಕ್ಕ. ತಂದೆಯವರಿಗೆ ತಿಳಿಯದ್ದೇನೂ ಅಲ್ಲವೆಂದು ನಮ್ಮ ಭಾವನೆ. ತೊಡಕು ಬೇರೆಡೆಯಲ್ಲಿತ್ತು. ಮಳೆಗಾಲಕ್ಕೆ ಬೇಕಾದಷ್ಟು ಒಣ ಸೌದೆಯನ್ನು ಬೇಸಗೆಯಲ್ಲಿಯೇ ಕೊಂಡಿಡಬೇಕಾದರೆ ನಾಲ್ಕು ತಿಂಗಳ ಹಣ ಒಂದೇ ಸಲ ಕೈಯಲ್ಲಿರಬೇಕು. ಉಳಿತಾಯ ಮಾಡುವುದಕ್ಕೂ ಮೂಲಧನ ಬೇಕೆಂಬ ಈ ವಿಷಯವನ್ನು ಮಿತವ್ಯಯದ ಉಪದೇಶ ಮಾಡುವವರು ಮರೆಯುವುದೇ ಹೆಚ್ಚು. ಬಡವನು ದಿನಕ್ಕೊಂದು ಹೊರೆ ಕೊಳ್ಳುತ್ತಾನೆ. ಆದ್ದರಿಂದಲೇ ಅವನ ಸೌದೆ ತುಟ್ಟಿ. ಆದರೆ ನಮ್ಮ ಮನೆಯ ವಿಚಾರದಲ್ಲಿ ಈ ಸಮಾಧಾನವೂ ಪೂರ್ತಿ ನಿಲ್ಲದು. ಆ ಹಣ ಅಂಚೆ ಕಚೇರಿಯಲ್ಲಿ ಸಣ್ಣ ಬಡ್ಡಿಗೆ ಕುಳಿತಿತ್ತು. ಅದರಲ್ಲಿ ಒಂದಂಶವನ್ನು ಚೈತ್ರದಲ್ಲಿ ಸೌದೆಯ ರೂಪಕ್ಕೆ ತಂದಿದ್ದರೆ, ಯಾವ ಬ್ಯಾಂಕೂ ಕೊಡದಷ್ಟು ಬಡ್ಡಿ ಮನೆಯ ಹಿತ್ತಲಲ್ಲಿಯೇ ಹುಟ್ಟುತ್ತಿತ್ತು.

ಇಷ್ಟಾದರೂ ನಾವು ಇದುವರೆಗೆ ಎಣಿಸಿದ್ದು ಸಣ್ಣ ನಷ್ಟವನ್ನು. ದೊಡ್ಡದು ಹೊಗೆ. ಹಸಿ ಸೌದೆಯ ಬೆಂಕಿ ತಣ್ಣಗಿರುತ್ತದೆ. ಮರದಿಂದ ಹೊರಡುವ ಅನಿಲಗಳೂ ಟಾರಿನ ಆವಿಯೂ ಹೊತ್ತಿಕೊಳ್ಳುವಷ್ಟು ಶಾಖ ಅಲ್ಲಿರುವುದಿಲ್ಲ. ಅವು ಹಾಗೆಯೇ ಹೊರಬೀಳುತ್ತವೆ. ಹೊಗೆಯೆಂದರೆ ಬೇರೇನಲ್ಲ, ಉರಿಯದೆ ತಪ್ಪಿಸಿಕೊಂಡ ಸೌದೆ. ಅದು ಹಣ ಕೊಟ್ಟು ತಂದದ್ದು. ಹೋದ ದಾರಿಯಲ್ಲಿ ಗೋಡೆಗೆ ಮಸಿಯಾಗಿ, ಪಾತ್ರೆಗೆ ಕರಿಯಾಗಿ, ಊದುಗೊಳವೆ ಹಿಡಿದವರ ಎದೆಯೊಳಗೆ ಕಫವಾಗಿ ನಿಂತಿತು.

ಈ ತತ್ತ್ವವನ್ನು ಬಲ್ಲವರು ನಮ್ಮ ಊರಿಗೆ ಹನ್ನೆರಡು ಮೈಲಿಯ ದೂರದಲ್ಲಿಯೇ ಇದ್ದರು. ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರು. ಪ್ರಸಂಗಕ್ಕೆ ಒಪ್ಪುವ ಹೆಸರೇ. ಅಲ್ಲಿ ೧೯೧೮ರಲ್ಲಿ ಕಟ್ಟಲಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕಬ್ಬಿಣ ಕರಗಿಸತೊಡಗಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಆದ ಕಾರಣ ಮಲೆನಾಡಿನ ಮರದ ಇದ್ದಿಲಿನಿಂದಲೇ ಕುಲುಮೆ ನಡೆಯಬೇಕಾಗಿತ್ತು. ಇದ್ದಿಲನ್ನು ಕಾಡಿನಲ್ಲಿ ಮಣ್ಣು ಮುಚ್ಚಿ ಸುಟ್ಟರೆ ಹೊಗೆಯೆಲ್ಲ ಆಕಾಶಕ್ಕೆ ಹೋಗುತ್ತದೆ. ಭದ್ರಾವತಿಯಲ್ಲಿ ಹಾಗೆ ಬಿಡಲಿಲ್ಲ. ಮರವನ್ನು ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿಟ್ಟು ಕಾಯಿಸಿ, ಹೊರಟ ಹೊಗೆಯನ್ನು ಕೊಳವೆಗಳಲ್ಲಿ ಹಿಡಿದು ತಂಪುಗೊಳಿಸಿದರು. ಆ ದ್ರವದಿಂದ ಮೀಥೈಲ್ ಆಲ್ಕೊಹಾಲು ಬಂದಿತು, ಸುಣ್ಣದ ಅಸಿಟೇಟು ಬಂದಿತು, ಟಾರು ಬಂದಿತು. ಇವೆಲ್ಲ ಮಾರಾಟದ ಸರಕುಗಳು. ಕಾರ್ಖಾನೆ ನಷ್ಟದಲ್ಲಿದ್ದಾಗ, ೧೯೨೩ರಲ್ಲಿ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ ಅದನ್ನು ಲಾಭದ ದಾರಿಗೆ ತಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಇದಕ್ಕಾಗಿ ಮಲೆನಾಡಿನ ಕಾಡು ತೆತ್ತ ಬೆಲೆಯನ್ನು ಯಾವ ಪುಸ್ತಕದ ಯಾವ ಪುಟದಲ್ಲಿ ಬರೆಯಬೇಕೆಂಬುದು ಬೇರೆ ಚರ್ಚೆ. ಅದು ಇಲ್ಲವೆಂದು ನಾವು ಹೇಳುವುದಿಲ್ಲ. ನಮಗೆ ವಿಚಿತ್ರವಾಗಿ ತೋರುವುದಿಷ್ಟೆ: ಸರ್ಕಾರದ ಕಾರ್ಖಾನೆಯೊಂದು ಹೊಗೆಯನ್ನು ಪೀಪಾಯಿಯಲ್ಲಿ ತುಂಬಿ ಮಾರಿದ ಸೀಮೆಯಲ್ಲಿಯೇ ನಾವು ನಮ್ಮ ತಾಯಂದಿರಿಗೆ ಹೊಗೆಯನ್ನು ಧರ್ಮಾರ್ಥವಾಗಿ ಕುಡಿಸಿದೆವು.

ಹೊಗೆಯನ್ನು ಉರಿಸುವ, ಇಲ್ಲವೆ ಹೊರಗೆ ಸಾಗಿಸುವ ಒಲೆಗಳಿಗಾಗಿ ಪ್ರಯತ್ನವಾಗದೆ ಇರಲಿಲ್ಲ. ನಮ್ಮ ನಾಡಿನಲ್ಲಿಯೇ ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯುವ ಉದ್ದೇಶದಿಂದ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ‘ಅಸ್ತ್ರ’ವೆಂಬ ವಿಭಾಗವನ್ನು ಆರಂಭಿಸಿದರು. ಅಲ್ಲಿ ರೂಪುಗೊಂಡ ಮೂರು ಪಾತ್ರೆಗಳ ಅಸ್ತ್ರ ಒಲೆ ೧೯೮೦ರ ದಶಕದಲ್ಲಿ ಕರ್ನಾಟಕದ ಅನೇಕ ಮನೆಗಳನ್ನು ಹೊಕ್ಕಿತು. ಕೆಳಗೆ ಕಂಬಿಯ ತಟ್ಟೆ, ಅದರಡಿಯಿಂದ ಗಾಳಿ, ಉರಿ ಒಂದು ಪಾತ್ರೆಯ ತಳದಿಂದ ಇನ್ನೊಂದಕ್ಕೆ ಹೋಗುವ ದಾರಿ, ಕೊನೆಯಲ್ಲಿ ಹೊಗೆಗೊಳವೆ. ಅರ್ಧದಷ್ಟು ಸೌದೆಯಲ್ಲಿ ಅಡಿಗೆಯಾಗುವಂಥದು. ಆದರೆ ಅದರ ಗುಣವೆಲ್ಲ ಅಳತೆಯಲ್ಲಿ. ಅಭ್ಯಾಸವಿಲ್ಲದ ಕೈ ಒಂದು ಅಂಗುಲ ಹೆಚ್ಚುಕಡಮೆ ಕಟ್ಟಿದರೆ, ಬಾಯಿಗೆ ಹೊಂದದ ಪಾತ್ರೆಯಿಟ್ಟರೆ, ಕೊಳವೆಯ ಮಸಿ ತೆಗೆಯದೆ ಬಿಟ್ಟರೆ, ಅದು ಸಾಮಾನ್ಯ ಒಲೆಗಿಂತ ಕಡೆಯಾಗುತ್ತದೆ. ಸೌದೆಯನ್ನು ಸಣ್ಣಗೆ ಸೀಳಿಕೊಡುವ ಕೆಲಸ ಗಂಡಸರದು. ಅವರು ಸೀಳಿಕೊಡದ ಮನೆಗಳಲ್ಲಿ ಒಲೆಗೆ ಕೆಟ್ಟ ಹೆಸರು ಬಂದಿತು.

ನಮ್ಮ ಮನೆಗೆ ಅಸ್ತ್ರ ಒಲೆ ಬರಲಿಲ್ಲ. ಸಾಮಿಲ್ಲಿನಿಂದ ಮರದ ಹೊಟ್ಟು ತಂದು, ತಗಡಿನ ಡಬ್ಬದ ನಡುವೆ ಸೀಸೆಯೊಂದನ್ನು ನಿಲ್ಲಿಸಿ ಸುತ್ತಲೂ ಗಟ್ಟಿಯಾಗಿ ತುಂಬಿ, ಸೀಸೆಯನ್ನು ಮೆಲ್ಲಗೆ ಎಳೆದು ತೆಗೆದು ಹೊತ್ತಿಸುವ ಒಲೆ ಮಾತ್ರ ಕೆಲಕಾಲ ಇತ್ತು. ಅದು ಗಂಟೆಗಟ್ಟಲೆ ನಿಧಾನವಾಗಿ ಉರಿಯುತ್ತಿತ್ತು. ಹುಡುಗರಾದ ನಮಗೆ ಸೀಸೆ ಎಳೆಯುವುದೇ ಆಟ. ಹೊಟ್ಟು ಒದ್ದೆಯಾದರೆ ಆಟ ಮುಗಿಯಿತು.

ಪುಸ್ತಕದಲ್ಲಿ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು ಸಂಗತಿ. ಆಷಾಢ ಶ್ರಾವಣಗಳಲ್ಲಿ, ವರ್ಷ ವರ್ಷವೂ, ‘ಇತರ’ ಎಂಬ ತಲೆಬರಹದ ಕೆಳಗೆ ಕಣ್ಣಿನ ಔಷಧ, ಕೆಮ್ಮಿನ ಔಷಧ ಎಂಬ ಎರಡು ಬಾಬ್ತುಗಳು ತಪ್ಪದೆ ಬರುತ್ತವೆ. ಸೌದೆ ಎಡಗಡೆಯ ಪುಟದಲ್ಲಿ. ಔಷಧ ಬಲಗಡೆಯ ಪುಟದಲ್ಲಿ. ಎರಡನ್ನೂ ಕೂಡಿಸಿದವರಿಲ್ಲ. ನಾವು ತಾಯಿಯವರಿಗೆ ಇದನ್ನು ತೋರಿಸಿದೆವು. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಸೌದೆ ಹಸಿ ಎಂದು ಅವರಿಗೆ ಎಷ್ಟು ಸಲ ಹೇಳಿದ್ದೆ. ‘ಎರಡು ದಿನ ಒಲೆಯ ಪಕ್ಕ ಇಡು, ಒಣಗುತ್ತದೆ’ ಅನ್ನುತ್ತಿದ್ದರು. ಎರಡು ದಿನ ಊಟವಿಲ್ಲದೆ ಇರುವುದಾಗಿದ್ದರೆ ಇಡಬಹುದಾಗಿತ್ತು” ಎಂದರು. ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಂಥ ಸಂಖ್ಯೆಯನ್ನು ಓದಿ ತಲೆಯಾಡಿಸುವ ನಾವು, ನಮ್ಮ ಮನೆಯ ಎರಡು ಪುಟಗಳನ್ನು ಕೂಡಿಸಲು ಮೂವತ್ತು ವರ್ಷಗಳಿಗೂ ಮೇಲೆ ತೆಗೆದುಕೊಂಡೆವು.

ಅನಿಲದ ಒಲೆ ಬಂದ ಮೇಲೆ ಇದೆಲ್ಲ ಹಳೆಯ ಕಥೆಯಲ್ಲವೇ ಎಂದು ಕೇಳಬಹುದು. ಲೆಕ್ಕ ಹಳೆಯದಾಗಿಲ್ಲ. ಬಡ ಸಂಸಾರಗಳಿಗೆ ಅನಿಲದ ಸಂಪರ್ಕವನ್ನು ಕೊಡುವ ಉಜ್ಜ್ವಲಾ ಯೋಜನೆ ೨೦೧೬ರ ಮೇ ತಿಂಗಳಲ್ಲಿ ಆರಂಭವಾಯಿತು. ಸಂಪರ್ಕ ದೊರೆತ ಮನೆಗಳಲ್ಲಿಯೂ ಅನೇಕರು ಸೌದೆಯನ್ನು ಬಿಡಲಿಲ್ಲ. ಕಾರಣ ಹಳೆಯದೇ: ಹೊರೆಯನ್ನು ದಿನಕ್ಕೊಂದರಂತೆ ತರಬಹುದು, ೧೪.೨ ಕಿಲೋ ತೂಕದ ಅನಿಲದ ಬೆಲೆಯನ್ನು ಒಮ್ಮೆಗೇ ಎಣಿಸಬೇಕು. ಇದನ್ನು ತಿಳಿದವರು ಐದು ಕಿಲೋದ ಸಿಲಿಂಡರನ್ನು ಕೇಳಿ ಪಡೆಯುತ್ತಾರೆ. ಮನೆಗೆಲಸಕ್ಕೆ ಬರುವವರಿಗೆ ಹಬ್ಬದ ಸೀರೆಯ ಬದಲು ಒಂದು ಸಲ ಸಿಲಿಂಡರಿನ ಹಣವನ್ನು ಮುಂಗಡವಾಗಿ ಕೊಟ್ಟು ನೋಡಬಾರದೆ?

ನಮ್ಮಂಥವರ ಅಡಿಗೆಮನೆಯಲ್ಲಿ ಉಳಿಯುವುದು ಆವಿಯ ವಿಚಾರ. ಮೊದಲು ಹೇಳಿದ ೭೫ ಮತ್ತು ೫೪೦ ಎಂಬ ಎರಡು ಅಂಕಿಗಳನ್ನು ನೆನಪಿನಲ್ಲಿಡಬೇಕು. ನೀರು ಕುದಿಯತೊಡಗಿದ ಮೇಲೆ ಎಷ್ಟು ದೊಡ್ಡ ಉರಿ ಹಾಕಿದರೂ ಅದು ಇನ್ನಷ್ಟು ಬಿಸಿಯಾಗದು, ಬೇಗ ಬತ್ತುತ್ತದೆ ಅಷ್ಟೆ. ಬೇಳೆ ಬೇಗ ಬೇಯುವುದಿಲ್ಲ. ಒಂದು ಲೀಟರು ನೀರು ಬತ್ತಿಹೋಗಲು ವ್ಯಯವಾದ ಅನಿಲದಲ್ಲಿ ಏಳು ಲೀಟರನ್ನು ಕುದಿಸಬಹುದಾಗಿತ್ತು. ಮುಚ್ಚಳ ಮುಚ್ಚಿ, ಕುದಿ ಬಂದೊಡನೆ ಉರಿ ತಗ್ಗಿಸುವುದು. ಕುಕ್ಕರು ಮೊದಲ ಸಲ ಕೂಗಿದೊಡನೆ ಸಣ್ಣ ಉರಿಗೆ ಇಳಿಸುವುದು. ಕಡಲೆ, ಹುರುಳಿಗಳನ್ನು ರಾತ್ರಿಯೇ ನೆನೆಹಾಕುವುದು. ಇವನ್ನು ಹೆಂಗಸರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಕುಕ್ಕರು ಎಂಟು ಸಲ ಕೂಗುವವರೆಗೂ ಪತ್ರಿಕೆ ಓದುತ್ತ ಎಣಿಸುತ್ತಿರುವ ಗಂಡಸರು ಕೇಳುತ್ತಿದ್ದರೆ ಅವರಿಗೆ ಹೇಳುತ್ತಿದ್ದೇವೆ.

ಮಳೆಗಾಲದ ಒಂದು ಅಪಾಯವನ್ನು ಹೇಳದೆ ಮುಗಿಸಲಾಗದು. ಬಟ್ಟೆ ಒಣಗದ ದಿನಗಳಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚುವ ಅಭ್ಯಾಸ ಉಂಟು. ಬಾಣಂತಿಯ ಕೋಣೆಯಲ್ಲಂತೂ ಹೆಚ್ಚು. ಇದ್ದಿಲಿನಲ್ಲಿ ಹೊಗೆ ಕಾಣದಿರುವುದರಿಂದ ಅದು ನಿರಪಾಯವೆಂದು ಭಾವಿಸುತ್ತೇವೆ. ಅರೆ ಉರಿದ ಇದ್ದಿಲಿನಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ತೂಕಡಿಕೆ, ಅನಂತರ ಎಚ್ಚರವೇ ಇಲ್ಲ. ಈಗ ಅದೇ ವಿಷ ಸ್ನಾನದ ಕೋಣೆಯೊಳಗೆ ಕೂರಿಸಿದ ಅನಿಲದ ಗೀಸರಿನಿಂದಲೂ ಬರುತ್ತದೆ. ಗೀಸರು ಕೋಣೆಯ ಹೊರಗಿರಬೇಕು. ಒಳಗಿದ್ದರೆ ಗಾಳಿಯ ಕಿಂಡಿ ಸದಾ ತೆರೆದಿರಬೇಕು. ಚಳಿಯೆಂದು ಕಿಂಡಿಗೆ ರಟ್ಟು ಬಡಿದವರನ್ನು ನಾವು ಬಲ್ಲೆವು. ನಾಲ್ಕು ಮಾತಾಡಿ ಅದನ್ನು ತೆಗೆಸಿದೆವು.

ನಮ್ಮ ಬಚ್ಚಲಿನ ಹಂಡೆಗೆ ಈಗಲೂ ಸೌದೆಯೇ. ಒಲೆಯ ಹೊಗೆಗೊಳವೆ ಮಾಡಿನ ಮೇಲಕ್ಕೆ ಹೋಗಿದೆ. ಈ ವರ್ಷದ ಸೌದೆಯನ್ನು ಫಾಲ್ಗುಣದಲ್ಲಿಯೇ ತರಿಸಿದೆವು. ಗಾಡಿಯವನು ಇಳಿಸಿದೊಡನೆ ತಾಯಿಯವರು ಹಿತ್ತಲಿಗೆ ಬಂದು, ಎರಡು ತುಂಡುಗಳನ್ನು ಕೈಗೆತ್ತಿಕೊಂಡು ಒಂದಕ್ಕೊಂದು ತಟ್ಟಿ ಕಿವಿಗೊಟ್ಟರು. ಒಣಗಿದ ಸೌದೆಯಾದರೆ ಟಣ್ಣೆನ್ನುತ್ತದೆ, ಹಸಿಯಾದರೆ ಮಂದವಾಗಿ ಬಡಿಯುತ್ತದೆ. ಏಳೆಂಟು ತುಂಡುಗಳನ್ನು ಹೀಗೆ ನೋಡಿ, ಎರಡನ್ನು ಬೇರೆಯಾಗಿ ತೆಗೆದಿಟ್ಟು, “ಇವು ಜ್ಯೇಷ್ಠದವರೆಗೆ ಬಿಸಿಲಲ್ಲಿರಲಿ” ಎಂದು ಒಳಗೆ ಹೋದರು.