ಬಂದೂಕು ಮುಟ್ಟದ ಯೋಧ

ಅಮೆರಿಕದ ಡೆಸ್ಮಂಡ್ ಡಾಸ್ 1942ರಲ್ಲಿ ಸೈನ್ಯ ಸೇರಿದರು. ಕೊಲ್ಲಬಾರದೆಂಬ ದೇವರ ಆಜ್ಞೆಯನ್ನು ಅಕ್ಷರಶಃ ನಂಬಿದ್ದ ಅವರು ಬಂದೂಕು ಹಿಡಿಯಲೊಪ್ಪಲಿಲ್ಲ. ಜೊತೆಗಾರರ ಹೀಯಾಳಿಕೆಯನ್ನು ನುಂಗಿಕೊಂಡು ಔಷಧಿಯ ಚೀಲ ಹೊತ್ತರು. 1945ರ ಮೇ ತಿಂಗಳು, ಜಪಾನಿನ ಒಕಿನಾವಾ ದ್ವೀಪದ ಕಡಿದಾದ ಬಂಡೆಯ ಮೇಲೆ ಗುಂಡಿನ ಮಳೆ. ಉಳಿದವರು ಹಿಮ್ಮೆಟ್ಟಿದರೂ ಡಾಸ್ ಕದಲಲಿಲ್ಲ. ಇನ್ನೊಬ್ಬನನ್ನು ಉಳಿಸಲು ಶಕ್ತಿ ಕೊಡೆಂದು ಪ್ರಾರ್ಥಿಸುತ್ತಲೇ, ಸುಮಾರು 75 ಗಾಯಾಳುಗಳನ್ನು ಒಬ್ಬೊಬ್ಬರಾಗಿ ಹಗ್ಗ ಕಟ್ಟಿ ಕೆಳಗಿಳಿಸಿದರು. ಅಧ್ಯಕ್ಷ ಟ್ರೂಮನ್ ಅತ್ಯುನ್ನತ ಪದಕ ತೊಡಿಸಿದರು.

ನನ್ನ ಮನಸ್ಸು ನಿಲ್ಲುವುದು ಆಮೇಲಿನ 60 ವರ್ಷಗಳಲ್ಲಿ. ಕ್ಷಯರೋಗ ಒಂದು ಶ್ವಾಸಕೋಶವನ್ನೇ ಕಸಿದುಕೊಂಡಿತು, ಮುಂದೆ ಕಿವಿಯೂ ಕೇಳದಾಯಿತು. ಕಾಯಂ ನೌಕರಿಗೆ ಮೈ ಒಗ್ಗಲಿಲ್ಲ. ಪತ್ನಿ ಡೊರೊಥಿ ದಾದಿಯಾಗಿ ದುಡಿದು ಸಂಸಾರ ಹೊತ್ತರು. ಪದಕ ಪಡೆಯದ ಆಕೆಯ ಧೈರ್ಯವೇನು ಕಡಿಮೆಯೇ? ಮಗನನ್ನು ಬೆಳೆಸಿ, ಸಣ್ಣ ಹೊಲ ನೋಡಿಕೊಂಡು, ತಮ್ಮ ಪಂಥದ ನಂಬಿಕೆಯಂತೆ ಶನಿವಾರವನ್ನು ದೇವರಿಗೇ ಮೀಸಲಿಟ್ಟು ಡಾಸ್ 87 ವರ್ಷ ಬಾಳಿದರು.