ಇಮ್ರಾನ್ ಮೂರು ಸಲ ಯಾಕೆ ಬಂದ?

ಶಾಲೆಯ ಲೈಬ್ರರಿ ಕಂಪ್ಯೂಟರಿನಲ್ಲಿ ಎರಡು ಪಟ್ಟಿಗಳಿವೆ ಅಂದುಕೊಳ್ಳಿ. ಒಂದರಲ್ಲಿ ಮಕ್ಕಳ ಹಾಜರಿ ನಂಬರು, ಹೆಸರು: 7 ಕಾವ್ಯ, 12 ಇಮ್ರಾನ್, 19 ಕಾವ್ಯ, 23 ಸುಮಾ. (ಕಾವ್ಯ ಇಬ್ಬರು. ಯಾವ ತರಗತಿಯಲ್ಲಿ ಇರುವುದಿಲ್ಲ ಹೇಳಿ!) ಇನ್ನೊಂದರಲ್ಲಿ ಯಾವ ನಂಬರಿನವರು ಯಾವ ಪುಸ್ತಕ ಒಯ್ದರು ಎಂಬ ಲೆಕ್ಕ. 7ನೇ ನಂಬರು ಒಂದು, 12 ಮೂರು, 19 ಒಂದು. ಸುಮಾ ಈ ತಿಂಗಳು ಲೈಬ್ರರಿ ಕಡೆ ತಲೆಯೇ ಹಾಕಿಲ್ಲ.

‘ಪುಸ್ತಕ ಒಯ್ದವರು ಯಾರು ಯಾರು?’ ಎಂದು ಮೇಡಂ ಕೇಳುತ್ತಾರೆ. ಇಂಥ ಪ್ರಶ್ನೆ ಕೇಳಲು ಎಸ್‌ಕ್ಯುಎಲ್ ಎಂಬ ಭಾಷೆಯಿದೆ. ಹೆಸರು ಒಂದು ಪಟ್ಟಿಯಲ್ಲಿ, ಪುಸ್ತಕ ಇನ್ನೊಂದರಲ್ಲಿ. ಆದ್ದರಿಂದ ಕಂಪ್ಯೂಟರು ನಂಬರು ನೋಡಿ ಎರಡನ್ನೂ ಜೋಡಿಸುತ್ತದೆ. ಇದಕ್ಕೆ ‘ಜಾಯಿನ್’ ಎನ್ನುತ್ತಾರೆ. ಉತ್ತರ ಬರುತ್ತದೆ: ಕಾವ್ಯ, ಇಮ್ರಾನ್, ಇಮ್ರಾನ್, ಇಮ್ರಾನ್, ಕಾವ್ಯ.

ಕಂಪ್ಯೂಟರಿಗೇನೂ ತಲೆ ಕೆಟ್ಟಿಲ್ಲ. ಇಮ್ರಾನ್ ಒಬ್ಬನೇ ಆದರೂ ಅವನ ಪುಸ್ತಕಗಳು ಮೂರು. ಒಂದೊಂದು ಪುಸ್ತಕದ ಪಕ್ಕದಲ್ಲೂ ಅವನ ಹೆಸರು ಬಂದು ಕೂತಿದೆ.

ಪಟ್ಟಿಗಳ ಈ ಲೆಕ್ಕಾಚಾರವನ್ನು 1970ರಲ್ಲಿ ರೂಪಿಸಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. ಅವರ ಗಣಿತದಲ್ಲಿ ಒಂದೇ ಸಾಲು ಎರಡು ಸಲ ಇರುವಂತೆಯೇ ಇಲ್ಲ. ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಎಸ್‌ಕ್ಯುಎಲ್‌ನ ಮೊದಲ ರೂಪವನ್ನು ಪ್ರಕಟಿಸಿದರು. ಈ ಭಾಷೆ ಮಾತ್ರ, ನಾವು ಬೇಡ ಅನ್ನುವವರೆಗೂ ಮರುಕಳಿಕೆಯನ್ನು ಹಾಗೇ ಬಿಡುತ್ತದೆ. ಒಂದೇ ತರಹದ ಸಾಲುಗಳನ್ನು ಹುಡುಕಿ ತೆಗೆಯುವುದು ಪುಕ್ಕಟೆ ಕೆಲಸವಲ್ಲ. ಎಲ್ಲವನ್ನೂ ವಿಂಗಡಿಸಬೇಕು, ಹೋಲಿಸಬೇಕು. ಲಕ್ಷಗಟ್ಟಲೆ ಸಾಲುಗಳಿದ್ದರೆ ಕಂಪ್ಯೂಟರಿಗೂ ಏದುಸಿರು.

ಬೇಡ ಅನ್ನಲು ‘ಡಿಸ್ಟಿಂಕ್ಟ್’ ಎಂಬ ಪದವಿದೆ. ಅದನ್ನು ಸೇರಿಸಿದರೆ ಉತ್ತರ: ಕಾವ್ಯ, ಇಮ್ರಾನ್. ಅಯ್ಯೋ, ಇನ್ನೊಬ್ಬ ಕಾವ್ಯ ಎಲ್ಲಿ? ನಾವು ಕೇಳಿದ್ದು ಬರೀ ಹೆಸರು, ಹಾಗಾಗಿ ಇಬ್ಬರೂ ಕರಗಿ ಒಬ್ಬಳಾದರು. ಹೆಸರಿನ ಜೊತೆ ನಂಬರನ್ನೂ ಕೇಳಿದರೆ ಮೂವರೂ ಸರಿಯಾಗಿ ಬರುತ್ತಾರೆ. ಪುಸ್ತಕದ ಹೆಸರನ್ನೂ ಕೇಳಿಬಿಟ್ಟರೆ? ಇಮ್ರಾನ್ ಮತ್ತೆ ಮೂರು ಸಲ ಹಾಜರ್! ಡಿಸ್ಟಿಂಕ್ಟ್ ನೋಡುವುದು ಇಡೀ ಸಾಲನ್ನು. ಪುಸ್ತಕ ಬೇರೆಯಾದರೆ ಸಾಲೂ ಬೇರೆ.

ನನ್ನ ಕೇಳಿದರೆ, ಜೋಡಿಸಿ ಆಮೇಲೆ ಗುಡಿಸುವುದಕ್ಕಿಂತ ಪ್ರಶ್ನೆಯನ್ನೇ ಬದಲಿಸುವುದು ಜಾಣತನ. ಒಬ್ಬೊಬ್ಬರನ್ನೂ ಹಿಡಿದು ‘ಇವರು ಒಂದಾದರೂ ಪುಸ್ತಕ ಒಯ್ದಿದ್ದಾರಾ?’ ಎಂದು ಕೇಳುವ ‘ಎಗ್ಸಿಸ್ಟ್ಸ್’ ಎಂಬ ಪದವೂ ಈ ಭಾಷೆಯಲ್ಲಿದೆ. ಒಂದು ಸಿಕ್ಕರೆ ಸಾಕು, ಉತ್ತರ ಹೌದು. ಉಳಿದೆರಡು ಪುಸ್ತಕಗಳ ಗೊಡವೆಯೇ ಬೇಡ.

ಈಗ ನಿಮಗೊಂದು ಲೆಕ್ಕ. ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಲೈಬ್ರರಿಗೆ 10 ರೂಪಾಯಿ ಠೇವಣಿ ಕೊಟ್ಟಿದ್ದಾರೆ, ಅದು ಮಕ್ಕಳ ಪಟ್ಟಿಯಲ್ಲಿದೆ. ಪುಸ್ತಕ ಒಯ್ದವರ ಠೇವಣಿ ಒಟ್ಟು ಎಷ್ಟು? ಜೋಡಿಸಿದ ಪಟ್ಟಿಯನ್ನು ಹಾಗೇ ಕೂಡಿದರೆ 50 ಬರುತ್ತದೆ. ಠೇವಣಿಯ ಮೊತ್ತಕ್ಕೆ ಡಿಸ್ಟಿಂಕ್ಟ್ ಹಾಕಿ ಕೂಡಿದರೆ 10. ಎರಡೂ ತಪ್ಪು. ಸರಿಯುತ್ತರ ಎಷ್ಟು, ಆ ಎರಡು ಯಾಕೆ ತಪ್ಪು, ಕಾಗದದ ಮೇಲೆ ಬರೆದು ನೋಡಿ.