ಚರ್ಚಿನ ಹೊರಗೆ ನಿಂತ ನಗಾರಿ

ಕನ್ನಡ ಪಂಡಿತನಾದವನಿಗೆ ಕಿಟ್ಟೆಲರ ನಿಘಂಟಿಲ್ಲದೆ ದಿನ ಸಾಗದು. ನನ್ನ ಮೇಜಿನ ಮೇಲೂ ಒಂದು ಪ್ರತಿಯುಂಟು. ಅದರ ರಟ್ಟು ಎರಡು ಸಲ ಕಿತ್ತುಬಂದು ಎರಡು ಸಲ ಹೊಲಿಗೆ ಕಂಡಿದೆ. 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಆ ಗ್ರಂಥದ ಹೆಸರು ನಿಮಗೆಲ್ಲ ತಿಳಿದದ್ದೇ. ಆದರೆ ಅದೇ ಮನೆತನದಲ್ಲಿ ಅದಕ್ಕೊಬ್ಬ ಅಣ್ಣನಿದ್ದಾನೆಂಬ ಸಂಗತಿ ನನಗೆ ಗೊತ್ತಾದದ್ದು ತೀರ ಈಚೆಗೆ. ಆ ಅಣ್ಣನೆಂದರೆ ಪಶ್ಚಿಮ ಆಫ್ರಿಕದ ತ್ವಿ ಭಾಷೆಯ ನಿಘಂಟು. ಅದು ಬೆಳಕು ಕಂಡದ್ದು 1881ರಲ್ಲಿ. ಕರ್ತೃವಿನ ಹೆಸರು ಯೋಹಾನ್ ಗಾಟ್ಲೀಬ್ ಕ್ರಿಸ್ಟಾಲರ್. ಕಿಟ್ಟೆಲರೂ ಕ್ರಿಸ್ಟಾಲರರೂ ಓದಿದ್ದು ಒಂದೇ ಗುರುಕುಲದಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಒಬ್ಬರು ಪೂರ್ವಕ್ಕೆ ಬಂದರು, ಇನ್ನೊಬ್ಬರು ದಕ್ಷಿಣಕ್ಕೆ ಹೋದರು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1828ರಲ್ಲಿ, ಅವರು ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಈಗಿನ ಘಾನಾ ದೇಶಕ್ಕೆ ನಾಲ್ವರನ್ನು ಕಳುಹಿಸಿದ್ದರು. ಆ ನಾಲ್ವರೂ ಕೆಲವೇ ವರ್ಷಗಳಲ್ಲಿ ಅಲ್ಲಿಯ ಮಣ್ಣು ಸೇರಿದರು. ಆದರೂ ಹಿಂದಿನಿಂದ ಬರುವವರು ನಿಲ್ಲಲಿಲ್ಲ. ಮಂಗಳೂರಿನ ಕಥೆಯನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಘಾನಾದ ಕಥೆ. ಅದರಲ್ಲಿಯೂ ಅಲ್ಲಿಯ ಕ್ರೈಸ್ತರ ಪೂಜೆಯ ಹೊರಗೆ ಬಹುಕಾಲ ನಿಂತಿದ್ದ ಒಂದು ನಗಾರಿಯ ಕಥೆ.

ಕ್ರಿಸ್ಟಾಲರ್ 1853ರಲ್ಲಿ ಆ ನಾಡಿಗೆ ಹೋದರು. ಜನರ ಬಾಯಿಂದ ಬಾಯಿಗೆ ಹೋಗುತ್ತಿದ್ದ ಗಾದೆಗಳನ್ನು ಕೂಡಿಹಾಕಿದರು. 1879ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಸುಮಾರು 3,600 ಗಾದೆಗಳಿವೆ. ಊರಿನ ವಿದ್ಯಾವಂತರ ನೆರವಿನಿಂದ ಬೈಬಲನ್ನು ಪೂರ್ತಿಯಾಗಿ ತ್ವಿ ಭಾಷೆಗೆ ತಂದರು. ಅದು 1871ರ ಮಾತು. ದೇವರಿಗೆ ಏನು ಹೆಸರಿಡಬೇಕು ಎಂಬ ಪ್ರಶ್ನೆ ಬಂದಾಗ ಹೊರಗಿನ ಪದವನ್ನು ತರಲಿಲ್ಲ. ಜನರು ತಲೆತಲಾಂತರದಿಂದ ಕರೆಯುತ್ತಿದ್ದ ‘ಒನ್ಯಾಂಕೊಪೊನ್’ ಎಂಬ ಹೆಸರನ್ನೇ ಹಿಡಿದರು. ಇದು ಚಿಕ್ಕ ಮಾತಲ್ಲ. ಆ ಜನರ ಅಜ್ಜಂದಿರು ಮರದಡಿಯಲ್ಲಿ ನಿಂತು ಕೂಗಿದ ಹೆಸರನ್ನೇ ಮೊಮ್ಮಕ್ಕಳು ಚರ್ಚಿನಲ್ಲಿ ನಿಂತು ಕೂಗಿದರು.

ಹೆಸರೇನೋ ಒಳಗೆ ಬಂತು, ನಗಾರಿ ಬರಲಿಲ್ಲ. ಬಾಸೆಲ್ಲಿನವರು ಊರಿನ ಪಕ್ಕದಲ್ಲಿ ಕ್ರೈಸ್ತರಿಗೆಂದು ಬೇರೆ ಕೇರಿ ಕಟ್ಟಿಸುತ್ತಿದ್ದರು. ಅದಕ್ಕೆ ಸೇಲಂ ಎಂದು ಹೆಸರು. ನಮ್ಮ ತಮಿಳುನಾಡಿನ ಸೇಲಂ ಅಲ್ಲ, ಬೈಬಲ್ಲಿನ ಹೆಸರು. ಕೇರಿಗೆ ಬಂದವರು ಹಳೆಯ ಹಬ್ಬ, ಹಳೆಯ ಕುಣಿತ, ಪೂರ್ವಜರಿಗೆ ನೆಲದ ಮೇಲೆ ಮದ್ಯ ಎರೆಯುವ ತರ್ಪಣ, ಎಲ್ಲವನ್ನೂ ಬಿಡಬೇಕಾಗಿತ್ತು. ನಗಾರಿ ಈ ಎಲ್ಲದಕ್ಕೂ ಜೊತೆಗಾರ. ಆದುದರಿಂದ ಅದನ್ನೂ ಬಿಡಬೇಕಾಯಿತು. ಚರ್ಚಿನಲ್ಲಿ ಹಾರ್ಮೋನಿಯಂ ಬಂತು. ತ್ವಿ ಮಾತುಗಳನ್ನು ಜರ್ಮನ್ ರಾಗಕ್ಕೆ ಹೊಂದಿಸಿ ಹಾಡಿಸಿದರು.

ಇದರಲ್ಲಿ ಏನು ಕೆಟ್ಟಿತು ಎಂದು ನೀವು ಕೇಳಬಹುದು. ಇಲ್ಲಿ ವ್ಯಾಕರಣದ ಒಂದು ವಿಷಯ ಹೇಳಬೇಕು. ಪಂಡಿತನ ಅಭ್ಯಾಸ, ಕ್ಷಮಿಸಿರಿ. ತ್ವಿ ಭಾಷೆಯಲ್ಲಿ ಅಕ್ಷರ ಮಾತ್ರವಲ್ಲ, ದನಿಯ ಏರಿಳಿತವೂ ಅರ್ಥವನ್ನು ಹೊರುತ್ತದೆ. ‘ಪಪ’ ಎಂಬ ಎರಡಕ್ಷರದ ಮಾತನ್ನು ತೆಗೆದುಕೊಳ್ಳಿ. ಎರಡನ್ನೂ ಏರುದನಿಯಲ್ಲಿ ಹೇಳಿದರೆ ‘ಒಳ್ಳೆಯದು’. ಮೊದಲನೆಯದನ್ನು ಇಳಿಸಿ ಎರಡನೆಯದನ್ನು ಏರಿಸಿದರೆ ‘ತಂದೆ’. ಎರಡನ್ನೂ ಇಳಿಸಿದರೆ ‘ಬೀಸಣಿಗೆ’. ಈಗ ಯೋಚಿಸಿ ನೋಡಿ. ಜರ್ಮನಿಯಲ್ಲಿ ಹುಟ್ಟಿದ ರಾಗಕ್ಕೆ ಈ ಏರಿಳಿತದ ಪರಿವೆಯೆಲ್ಲಿ? ಅದು ತನ್ನ ದಾರಿಯಲ್ಲಿ ಏರುತ್ತದೆ, ತನ್ನ ದಾರಿಯಲ್ಲಿ ಇಳಿಯುತ್ತದೆ. ಹಾಡುವವನು ಭಕ್ತಿಯಿಂದ ತಂದೆಯನ್ನು ಕರೆಯಹೊರಟರೆ ರಾಗವು ಬೀಸಣಿಗೆಯನ್ನು ಕರೆಯುತ್ತದೆ.

ನಮ್ಮಲ್ಲಿ ಇದು ಪೂರಾ ಹೊಸತೇನೂ ಅಲ್ಲ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಯಜ್ಞ ಮಾಡಿದವನು ‘ಇಂದ್ರಶತ್ರು’ ಎಂಬ ಪದದ ಸ್ವರವನ್ನು ತಪ್ಪಿದ್ದರಿಂದ ಇಂದ್ರನೇ ಆ ಮಗನನ್ನು ಕೊಂದನಂತೆ. ಪತಂಜಲಿಯ ಮಹಾಭಾಷ್ಯದಲ್ಲಿ ಈ ಉದಾಹರಣೆಯುಂಟು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಶಾಲೆಯ ಪ್ರಾರ್ಥನೆಗೆ ಒಮ್ಮೆ ನಾನೇ ಹಾಡು ಕಟ್ಟಿಕೊಟ್ಟೆ. ಸಂಗೀತದ ಮೇಷ್ಟ್ರು ಅದಕ್ಕೆ ಒಳ್ಳೆಯ ರಾಗವನ್ನೇ ಹಾಕಿದರು. ಮಾರನೆಯ ದಿನ ಮುನ್ನೂರು ಮಕ್ಕಳು ಕೈಮುಗಿದು ನಿಂತು, ‘ಬಲ ಕೊಡು’ ಎಂದು ನಾನು ಬರೆದದ್ದನ್ನು ‘ಬಾಲ ಕೊಡು’ ಎಂದು ಎಳೆದೆಳೆದು ಬೇಡಿಕೊಂಡರು! ನಾವು ಆ ದಿನ ನಕ್ಕೆವು. ಮರುದಿನ ರಾಗ ತಿದ್ದಿದೆವು. ಘಾನಾದ ಕ್ರೈಸ್ತರು ಸುಮಾರು ನೂರು ವರ್ಷ ತಿದ್ದದೆ ಹಾಡಿದರು.

ತಿದ್ದಲು ಹೊರಟವರು ಒಬ್ಬ ಮೇಷ್ಟ್ರು. ಎಫ್ರೆಯಿಂ ಅಮು ಎಂದು ಹೆಸರು. 1899ರಲ್ಲಿ ಪೇಕಿ ಎಂಬಲ್ಲಿ ಹುಟ್ಟಿದವರು. ಮನೆಮಾತು ತ್ವಿ ಅಲ್ಲ, ಎವೆ. ಅದೂ ಸ್ವರಭೇದದ ಭಾಷೆಯೇ. ಓದಿದ್ದು ಮಿಷನ್ನಿನ ಶಾಲೆಗಳಲ್ಲಿ. ಅವರ ಸಂಗೀತದ ಹುಚ್ಚು ಎಷ್ಟಿತ್ತೆಂದರೆ, ತರುಣ ಉಪಾಧ್ಯಾಯರಾಗಿದ್ದಾಗ ಕೊಂಡ ಹಾರ್ಮೋನಿಯಮ್ಮನ್ನು ಸಾಗಿಸಲು ವಾಹನ ಸಿಗದೆ ರಾತ್ರಿಯೆಲ್ಲ ತಲೆಯ ಮೇಲೆ ಹೊತ್ತು ನಡೆದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಹಾರ್ಮೋನಿಯಮ್ಮನ್ನು ದ್ವೇಷಿಸಿದವರಲ್ಲ ಅವರು, ಅದನ್ನು ಮರೆಯಬಾರದು. 1926ರಲ್ಲಿ ಆಕ್ರೊಪೊಂಗ್ ಎಂಬ ಗುಡ್ಡದ ಊರಿನ ಪ್ರೆಸ್ಬಿಟೇರಿಯನ್ ಉಪಾಧ್ಯಾಯರ ತರಬೇತಿ ಕಾಲೇಜಿಗೆ ಬಂದರು. 1848ರಲ್ಲಿ ಬಾಸೆಲ್ಲಿನವರೇ ತೆರೆದ ಕಾಲೇಜು ಅದು. ಅಲ್ಲಿ ಅವರು ಊರಿನ ನಗಾರಿಯವರ ಬಳಿಗೆ ಹೋಗಿ ಕುಳಿತು ಕೇಳತೊಡಗಿದರು.

ಆ ನಗಾರಿಯ ವಿಷಯ ಸ್ವಲ್ಪ ಹೇಳಬೇಕು. ಅಟುಂಪನ್ ಎಂದು ಅದರ ಹೆಸರು. ನಮ್ಮ ತಬಲಾದಂತೆ ಜೋಡಿ ವಾದ್ಯ, ಆದರೆ ಎದೆಯೆತ್ತರದ್ದು. ಮುಂದೆ ಬಾಗಿದ ಕೋಲುಗಳಿಂದ ಬಾರಿಸುತ್ತಾರೆ. ಒಂದರದು ಏರುದನಿ, ಇನ್ನೊಂದರದು ಇಳಿದನಿ. ತ್ವಿ ಭಾಷೆಯಲ್ಲಿಯೂ ಮುಖ್ಯವಾಗಿ ಇರುವುದು ಇವೆರಡೇ ಸ್ವರ. ಹೀಗಾಗಿ ಬಲ್ಲವನು ಬಾರಿಸಿದರೆ ನಗಾರಿ ಮಾತನ್ನೇ ಆಡುತ್ತದೆ. ಅರಸನ ಬಿರುದಾವಳಿ, ಸತ್ತವರ ವಂಶಾವಳಿ, ಊರಿಗೆ ಕೊಡಬೇಕಾದ ಎಚ್ಚರಿಕೆ, ಎಲ್ಲವನ್ನೂ ಅದು ಹೇಳುತ್ತದೆ. ಬಹುಕಾಲದಿಂದ ಘಾನಾದ ಬಾನುಲಿಯ ಗುರುತಿನ ದನಿ ಏನು ಬಲ್ಲಿರಾ? ಅಟುಂಪನ್ನಿನ ಕೆಲವು ಪೆಟ್ಟುಗಳು. ಅವು ಆಡುವ ಮಾತು ‘ಘಾನಾ ಮುಂತಿಯೆ’, ಎಂದರೆ ‘ಘಾನಾದವರೇ, ಕೇಳಿರಿ’ ಎಂದು. ರೇಡಿಯೋ ಮುಂದೆ ಕೂರುವ ನಮಗೆ ಇದು ಹಿಡಿಸಬೇಕಾದ ಸಂಗತಿ.

ಅಮು ಮೇಷ್ಟ್ರು ಮಾತಿನ ಏರಿಳಿತವನ್ನು ಮೊದಲು ಗುರುತು ಹಾಕಿಕೊಂಡು ಆಮೇಲೆ ಅದರಂತೆ ರಾಗ ಕಟ್ಟಿದರು. ನಾಲ್ಕು ಕಂಠಗಳಲ್ಲಿ ಕೂಡಿ ಹಾಡುವ ಪಾಶ್ಚಾತ್ಯ ಕ್ರಮವನ್ನು ಬಿಡಲಿಲ್ಲ. ಅದರೊಳಕ್ಕೆ ತಮ್ಮ ನೆಲದ ತಾಳವನ್ನು ತಂದರು. ಬಿದಿರಿನ ಕೊಳಲನ್ನು ಊದಲು ವಿದ್ಯಾರ್ಥಿಗಳಿಗೆ ಕಲಿಸಿದರು. ‘ಯೆನ್ ಅರ ಅಸಾಸೆ ನಿ’, ಎಂದರೆ ‘ಇದು ನಮ್ಮದೇ ನೆಲ’, ಎಂಬ ಅವರ ಹಾಡು ಇಂದಿಗೂ ಘಾನಾದ ರಾಷ್ಟ್ರೀಯ ಸಮಾರಂಭಗಳಲ್ಲಿ ಕೇಳಿಬರುತ್ತದೆ.

ಹಾಡಿನ ಮಟ್ಟಿಗೆ ಜನ ಸಹಿಸಿದರೋ ಏನೋ. ಅಮು ಅವರು ಉಡುಪನ್ನೂ ಬದಲಾಯಿಸಿದರು. ಕೋಟು, ಕಾಲರು ಬಿಟ್ಟು, ಅಲ್ಲಿಯ ಗಂಡಸರು ಹೆಗಲ ಮೇಲೆ ಹಾಯಿಸಿ ಉಡುವ ದೊಡ್ಡ ವಸ್ತ್ರವನ್ನು ಉಟ್ಟು 1930ರ ದಶಕದ ಮೊದಲಲ್ಲಿ ಭಾನುವಾರದ ಪೂಜೆಯಲ್ಲಿ ಉಪದೇಶಕ್ಕೆ ನಿಂತರು. ಚರ್ಚಿನ ಹಿರಿಯರಿಗೆ ಇದು ಸರಿಬೀಳಲಿಲ್ಲ. ವಸ್ತ್ರ, ನಗಾರಿ ಎರಡನ್ನೂ ಕುರಿತು ವಿಚಾರಣೆ ನಡೆಯಿತು. ಅಮು ಬಿಡಲೊಪ್ಪಲಿಲ್ಲ. 1933ರ ಕೊನೆಗೆ ಅವರ ಕೆಲಸ ಹೋಯಿತು.

ಈ ಕಥೆ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಬಿಳಿಯರು ಎಂದು ಬೈದುಬಿಡುವುದು ಸುಲಭ. ಆದರೆ ವಿರೋಧಿಸಿದವರಲ್ಲಿ ಆ ನಾಡಿನ ಕ್ರೈಸ್ತರೂ ಇದ್ದರು. ಅವರ ಕಡೆಯಿಂದಲೂ ನೋಡಬೇಡವೆ? ಅವರ ಅಜ್ಜ ಅಜ್ಜಿಯರು ಬಂಧುಬಳಗವನ್ನು ಬಿಟ್ಟು ಸೇಲಂ ಕೇರಿಗೆ ಬಂದವರು. ನಗಾರಿಯನ್ನು ಬಿಟ್ಟದ್ದೇ ಅವರ ವಿಶ್ವಾಸದ ಸಾಕ್ಷಿ. ಆ ಬೆಲೆ ತೆತ್ತವರ ಮೊಮ್ಮಕ್ಕಳ ಮುಂದೆ ಒಬ್ಬ ಮೇಷ್ಟ್ರು ನಿಂತು, ಬಿಡಬೇಕಾಗಿರಲಿಲ್ಲ ಎಂದರೆ, ಅವರ ಕಿವಿಗೆ ಅದು ಹೇಗೆ ಕೇಳಿಸೀತು? ಅಮು ಅವರ ನಿಲುವು ಸರಿ ಎಂದೇ ನನ್ನ ಮತ. ಆದರೂ ಎದುರಾಳಿಗಳನ್ನು ಮೂಢರೆನ್ನಲು ನನಗೆ ಮನಸ್ಸಿಲ್ಲ.

ಕೆಲಸ ಹೋದ ಮೇಷ್ಟ್ರನ್ನು ಅಚಿಮೋಟ ಕಾಲೇಜಿನವರು ಕರೆದುಕೊಂಡರು. ಮುಂದೆ ಲಂಡನ್ನಿನ ಸಂಗೀತ ಕಾಲೇಜಿನಲ್ಲಿ ಓದಿ ಬಂದರು. 1957ರ ಮಾರ್ಚಿ 6ರಂದು ದೇಶ ಸ್ವತಂತ್ರವಾದಾಗ, ಹಿಂದೆ ನಾಚಿಕೆಯೆನಿಸಿದ್ದ ದೇಶೀ ಉಡುಪು ನಾಯಕರ ಉಡುಪಾಯಿತು. 1965ರಲ್ಲಿ ಅಮು ಅವರಿಗೆ ಘಾನಾ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1995ರಲ್ಲಿ, ತೊಂಬತ್ತೈದು ವಯಸ್ಸು ಕಳೆದು, ಅವರು ತೀರಿಕೊಂಡರು. ಕೆಲವು ವರ್ಷಗಳ ತರುವಾಯ ಇಪ್ಪತ್ತು ಸಾವಿರ ಸೆಡಿಯ ನೋಟಿನ ಮೇಲೆ ಅವರ ಮುಖ ಅಚ್ಚಾಯಿತು. ಕೆಲಸ ಕಳೆದುಕೊಂಡ ಮೇಷ್ಟ್ರು ನೋಟಿನ ಮೇಲೆ! ನಮ್ಮ ವೃತ್ತಿಯವರಿಗೆ ಇದು ಅಪರೂಪದ ಭಾಗ್ಯ.

ನಗಾರಿಯೂ ಒಳಗೆ ಬಂತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಕೆಥೋಲಿಕರಲ್ಲಿ ದೇಶಭಾಷೆಗೂ ದೇಶೀ ವಾದ್ಯಕ್ಕೂ ಬಾಗಿಲು ತೆರೆಯಿತು. ಅಶಾಂತಿ ಅರಸರ ನಗರವಾದ ಕುಮಾಸಿಯಲ್ಲಿ ಪೀಟರ್ ಸರ್ಪೊಂಗ್ ಎಂಬ ಬಿಷಪ್ಪರು, ತಾವೇ ಜನಜೀವನದ ವಿದ್ವಾಂಸರು, ಪರಮಪ್ರಸಾದದ ಮೆರವಣಿಗೆಯನ್ನು ಅರಸನ ಮೆರವಣಿಗೆಯಂತೆಯೇ ನಡೆಸಿದರು. ದೊಡ್ಡ ಛತ್ರಿ, ನಗಾರಿ, ಎಲ್ಲ ಮರ್ಯಾದೆಯೂ ಉಂಟು. ಪ್ರೆಸ್ಬಿಟೇರಿಯನ್ನರ ಚರ್ಚುಗಳಲ್ಲಿಯೂ ಇಂದು ನಗಾರಿ ಕೇಳುತ್ತದೆ. ಕಾಣಿಕೆಯ ವೇಳೆಗೆ ಜನ ಕುಣಿಯುತ್ತಲೇ ಸಾಲಾಗಿ ಮುಂದೆ ಬರುತ್ತಾರೆ.

ಅಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಬಾಗಿಲು ತೆರೆದ ಮನೆಗೆ ಬರುವ ತೊಂದರೆಗಳೇ ಬೇರೆ. ದೇಶೀ ಪದ್ಧತಿ ಒಳಗೆ ಬಂದಾಗ ಅದರ ಹೊರೆಯೂ ಜೊತೆಯಲ್ಲಿಯೇ ಬರುತ್ತದೆ. ಘಾನಾದಲ್ಲಿ ಸಾವಿನ ಸಂಸ್ಕಾರ ಒಂದು ದೊಡ್ಡ ಸಮಾರಂಭ. ದೇಹವನ್ನು ವಾರಗಟ್ಟಲೆ ಶೈತ್ಯಾಗಾರದಲ್ಲಿಟ್ಟು, ಬೀದಿಬೀದಿಗೆ ಚಿತ್ರದ ಭಿತ್ತಿಪತ್ರ ಅಂಟಿಸಿ, ಚಪ್ಪರ ಹಾಕಿ, ಊಟ ಹಾಕಿ, ಮೇಳ ಕರೆಸಿ ನಡೆಸುತ್ತಾರೆ. ಬಡಕುಟುಂಬಗಳು ಇದಕ್ಕಾಗಿ ಸಾಲಕ್ಕೆ ಬೀಳುತ್ತವೆ. ಖರ್ಚು ತಗ್ಗಿಸಿರೆಂದು ಚರ್ಚಿನ ಹಿರಿಯರು ಹೇಳುತ್ತಲೇ ಇದ್ದಾರೆ. ಆದರೆ ಅದೇ ಸಮಾರಂಭದಲ್ಲಿ ಹಾಡುವುದೂ ಚರ್ಚಿನ ಮೇಳವೇ!

ಇದಕ್ಕಿಂತ ಬಿಗುವಾದದ್ದು ರಾಜಧಾನಿ ಅಕ್ರಾ ನಗರದ ತೊಡಕು. ಅಕ್ರಾ ಗಾ ಎಂಬ ಜನರ ಮೂಲನೆಲ. ಅವರ ದೊಡ್ಡ ಹಬ್ಬ ಹೋಮೊವೊ. ಹಸಿವನ್ನು ಹೀಯಾಳಿಸುವುದು ಎಂದು ಆ ಪದದ ಅರ್ಥ. ಹಬ್ಬಕ್ಕೆ ಮುಂಚೆ, ಮೇ ತಿಂಗಳ ಸುಮಾರಿಗೆ, ಅವರ ಪುರೋಹಿತರು ರಾಗಿಯ ಜಾತಿಯ ಕಾಳನ್ನು ವಿಧಿಪೂರ್ವಕ ಬಿತ್ತುತ್ತಾರೆ. ಬಿತ್ತಿದ ಮೇಲೆ ಮೂವತ್ತು ದಿನ ಊರಿನಲ್ಲಿ ನಗಾರಿ ಬಾರಿಸಕೂಡದು, ಗದ್ದಲ ಮಾಡಕೂಡದು. ಇದು ಹಳೆಯ ಕಟ್ಟಳೆ. ಆದರೆ ಕಳೆದ ನಾಲ್ಕೈದು ದಶಕಗಳಲ್ಲಿ ಅಕ್ರಾದಲ್ಲಿ ಹೊಸ ಬಗೆಯ ಚರ್ಚುಗಳು ಬೀದಿಗೆ ಒಂದರಂತೆ ಎದ್ದಿವೆ. ಅಲ್ಲಿ ಧ್ವನಿವರ್ಧಕವಿಲ್ಲದೆ, ಡ್ರಮ್ಮುಗಳಿಲ್ಲದೆ ಪೂಜೆಯೇ ಇಲ್ಲ. ದೇವರ ಸ್ತುತಿಯನ್ನು ಮೂವತ್ತು ದಿನ ಹೇಗೆ ನಿಲ್ಲಿಸುವುದು, 1992ರ ಸಂವಿಧಾನ ನಮಗೆ ಪೂಜಾಸ್ವಾತಂತ್ರ್ಯ ಕೊಟ್ಟಿಲ್ಲವೆ ಎಂದು ಅವರ ವಾದ. ಮನೆಗೆ ಬಂದ ನೆಂಟ ಮನೆಯ ವ್ರತವನ್ನು ಮುರಿಯಬಹುದೆ ಎಂದು ಗಾ ಜನರ ಪ್ರಶ್ನೆ. 1998ರಿಂದ ಕೆಲವು ವರ್ಷ ಇದು ಕೈಗೆ ಕೈ ಹತ್ತುವವರೆಗೆ ಹೋಯಿತು. ತರುಣರು ಚರ್ಚುಗಳಿಗೆ ನುಗ್ಗಿದರು, ವಾದ್ಯಗಳನ್ನು ಹೊತ್ತೊಯ್ದರು, ಜನ ಗಾಯಗೊಂಡರು.

ವಿಚಿತ್ರ ನೋಡಿ. ಒಂದು ಕಾಲಕ್ಕೆ ನಗಾರಿ ಬೇಡವೆಂದವರು ಚರ್ಚಿನವರು. ಈಗ ನಗಾರಿ ಬೇಕೇಬೇಕೆನ್ನುವವರು ಚರ್ಚಿನವರು. ಮೂವತ್ತು ದಿನ ಬೇಡವೆನ್ನುವವರು ಹಳೆಯ ಧರ್ಮದವರು. ನನ್ನ ಮಟ್ಟಿಗೆ ಒಂದು ಅನುಮಾನ. ಅಮು ಮೇಷ್ಟ್ರು ಹಂಬಲಿಸಿದ್ದು ಮಾತನಾಡುವ ನಗಾರಿಗಾಗಿ. ಪಕ್ಕದ ಮನೆಯವನ ಮಾತು ಕೇಳಿಸದಂತೆ ಮಾಡುವ ಧ್ವನಿವರ್ಧಕಕ್ಕಾಗಿ ಅವರು ಕೆಲಸ ಕಳೆದುಕೊಂಡರೆಂದು ನನಗೆ ಅನ್ನಿಸುವುದಿಲ್ಲ.

ಸರ್ಕಾರದವರು, ಚರ್ಚಿನ ಹಿರಿಯರು, ಗಾ ಮುಖಂಡರು ಕೂಡಿ ಕುಳಿತು ಒಂದು ದಾರಿ ಮಾಡಿಕೊಂಡರು. ಆ ದಿನಗಳಲ್ಲಿ ಪೂಜೆ ಗೋಡೆಯೊಳಗೇ ನಡೆಯಬೇಕು, ಧ್ವನಿವರ್ಧಕ ಹೊರಗಿರಬಾರದು, ಸದ್ದು ತಗ್ಗಿರಬೇಕು. ನಿಷೇಧವನ್ನು ಜಾರಿಗೆ ತರುವೆವೆಂದು ತರುಣರು ತಾವೇ ಚರ್ಚಿಗೆ ನುಗ್ಗಬಾರದು. ಪ್ರತಿವರ್ಷ ನಗರಸಭೆ ಇದನ್ನು ಮತ್ತೆ ಸಾರುತ್ತದೆ. ಕೆಲವರು ಪಾಲಿಸುತ್ತಾರೆ, ಕೆಲವರು ಗೊಣಗುತ್ತಾರೆ. ಮೂವತ್ತು ದಿನ ಕಳೆದ ಮೇಲೆ ಗಾ ಮುಖಂಡರು ಸೇರಿ, ತಾವೇ ನಗಾರಿಗೆ ಮೊದಲ ಪೆಟ್ಟು ಕೊಟ್ಟು ನಿಷೇಧವನ್ನು ತೆಗೆಯುತ್ತಾರೆ. ಮುಂದಿನ ಭಾನುವಾರ ಚರ್ಚುಗಳ ನಗಾರಿಗಳೂ ಬಿಚ್ಚಿಕೊಳ್ಳುತ್ತವೆ.